ದೇವರಿಗೆ 'ರೀ' ಅನ್ನಬೇಕೋ ಬೇಡವೋ

ಕನ್ನಡ ಮಾಸ್ತರಿಕೆಯಿಂದ ಹೊಟ್ಟೆ ಹೊರೆಯುವವರಿಗೆ ಒಂದು ಕೆಟ್ಟ ಚಟ ಅಂಟಿಕೊಂಡಿರುತ್ತದೆ. ಎದುರಿಗಿದ್ದವರು ಏನೇ ಹೇಳಲಿ, ವಿಷಯ ಕಿವಿಗೆ ಬೀಳುವ ಮೊದಲು ವ್ಯಾಕರಣ ಬೀಳುತ್ತದೆ. ಹೆಂಡತಿ ಅಡುಗೆ ಮನೆಯಿಂದ 'ಗ್ಯಾಸ್ ಖಾಲಿ ಆಗೇತಿ' ಎಂದು ಕೂಗಿದರೆ ನಾನು ಆ ವಾಕ್ಯದಲ್ಲಿ ಕರ್ತೃಪದ ಯಾವುದೆಂದು ಯೋಚಿಸುತ್ತ ಕೂತಿರುತ್ತೇನೆ. ಅಷ್ಟರಲ್ಲಿ ಸಿಲಿಂಡರಿನ ಗಾಡಿ ಓಣಿ ದಾಟಿ ಹೋಗಿರುತ್ತದೆ. ಅದರಲ್ಲೂ ಏಕವಚನ ಬಹುವಚನದ ವಿಷಯ ಬಂದರೆ ನಾನು ಮನುಷ್ಯನಾಗಿ ಉಳಿಯುವುದಿಲ್ಲ. ಹಿರಿಯರೊಡನೆ 'ರೀ' ಹಚ್ಚಿ ಮಾತಾಡಿ ಎಂದು ನಾನು ಹೇಳಿ ಹೇಳಿ, ನಮ್ಮ ಸರಕಾರಿ ಶಾಲೆಯ ಹುಡುಗರು ಈಗ ಅಂಗಳಕ್ಕೆ ನುಗ್ಗಿದ ಎಮ್ಮೆಗೂ 'ಹೊರಗ ನಡೀರೀ' ಎನ್ನುತ್ತಾರೆ. ಇಂಥ ನನ್ನ ಮನೆಯಲ್ಲೇ ಒಂದು ಏಕವಚನದಿಂದ ರಾಮಾಯಣ ಎದ್ದಿತು. ಕ್ರೈಸ್ತರ ಮನೆಯಲ್ಲಿ ರಾಮಾಯಣ ಹೇಗೆ ಏಳುತ್ತದೆ ಎಂದು ಕೇಳಬೇಡಿ. ಜಮಖಂಡಿಯಲ್ಲಿ ಅದು ಎಲ್ಲರ ಮನೆಯಲ್ಲೂ ಏಳುತ್ತದೆ.

ನಾವು ಕ್ಯಾಥೊಲಿಕರು. ಊರಿನಲ್ಲಿ ನಮ್ಮವರ ಮನೆ ಎಣಿಸಲು ಎರಡನೆಯ ಕೈ ಬೇಕಾಗುವುದಿಲ್ಲ. ಐತವಾರ ಫಾದರ್ ಬೇರೆ ಊರಿನಿಂದ ಬಂದು ಪೂಜೆ ಮಾಡಿ, ನಮ್ಮ ಮನೆಯಲ್ಲೋ ಇನ್ನೊಬ್ಬರ ಮನೆಯಲ್ಲೋ ಚಹಾ ಕುಡಿದು ಹೋಗುತ್ತಾರೆ. ನನ್ನ ಮಗಳು ರೋಜಿ ಓದುತ್ತಿದ್ದ ಓಣಿಯ ಸಣ್ಣ ಶಾಲೆ ನಾಲ್ಕನೆಯ ಇಯತ್ತೆಗೆ ಮುಗಿದುಹೋಯಿತು. ಐದನೆಯದಕ್ಕೆ ಎಲ್ಲಿ ಹಾಕುವುದು? ನಮ್ಮ ಸಿಸ್ಟರುಗಳು ನಡೆಸುವ ಕಾನ್ವೆಂಟ್ ಇರುವುದು ಲೋಕಾಪುರದಿಂದಲೂ ಆಚೆ. ರೋಜಿಗೆ ಬಸ್ಸು ಆಗಿಬರುವುದಿಲ್ಲ. ಮುಧೋಳ ಮುಟ್ಟುವುದರೊಳಗೆ ಮುಂಜಾನೆ ತಿಂದದ್ದನ್ನೆಲ್ಲ ಕಿಟಕಿಯ ಹೊರಗೆ ಒಪ್ಪಿಸಿರುತ್ತಾಳೆ. ಇತ್ತ ನಮ್ಮ ಓಣಿಯ ಹಿಂದೆಯೇ ಬೇವಿನ ಮರದ ಕೆಳಗೆ ಒಂದು ಹಳೆಯ ಮಿಶನ್ ಶಾಲೆ ಇದೆ. ಒಳ್ಳೆಯ ಶಾಲೆ. ಪಕ್ಕದ ಮನೆಯ ಸಂಗೀತಾ, ಅಂದರೆ ರೋಜಿಯ ಪ್ರಾಣದ ಗೆಳತಿ, ಅಲ್ಲೇ ಹೋಗುತ್ತಾಳೆ. ಇರುವ ತೊಡಕು ಒಂದೇ. ಆ ಶಾಲೆ ಪ್ರೊಟೆಸ್ಟಂಟರದು.

ಇದು ಎಂಥ ತೊಡಕು ಎಂದು ಸಂಗೀತಾಳ ಅಪ್ಪ ಬಸವರಾಜನಿಗೆ ವಿವರಿಸಲು ಹೋಗಿ ನಾನು ಸೋತೆ. ಆತ ಕಟ್ಟೆಯ ಮೇಲೆ ಕೂತು ಅಡಕೆ ಕತ್ತರಿಸುತ್ತ ಕೇಳಿದ: "ಅಲ್ರೀ ಮಾಸ್ತರ, ಇಬ್ರಿಗೂ ಯೇಸುನ ಹೌದಿಲ್ಲೋ?" ಹೌದು ಎಂದೆ. "ಇಬ್ರಿಗೂ ಕ್ರಿಸ್‌ಮಸ್ ಒಂದ ದಿನಾ?" ಒಂದೇ ದಿನ ಎಂದೆ. "ಕೇಕ್?" ಅದೂ ಒಂದೇ ಎಂದೆ. "ಹಂಗಾರ ನೀವು ಜಗಳಾ ಆಡೂದು ಯಾವಾಗ್ರೀ?" ಎಂದು ಆತ ಮರುಕದಿಂದ ನನ್ನ ಮುಖ ನೋಡಿದ. ನಾನು ಮಾತೆ ಮರಿಯಮ್ಮನವರ ವಿಷಯ, ಜಪಮಾಲೆಯ ವಿಷಯ, ಸಂತರ ವಿಷಯ ಎಲ್ಲವನ್ನೂ ಹೇಳಿದೆ. ಎಲ್ಲ ಕೇಳಿ ಆತ, "ನಮ್ಮೊಳಗೂ ಹಿಂಗ ಅದಾವ ಬಿಡ್ರಿ. ಆದ್ರ ನೀವ ಸರಕಾರಿ ಸಾಲಿ ಮಾಸ್ತರು. ಹುಡುಗೀನ ನಿಮ್ಮ ಸಾಲಿಗೇ ಯಾಕ ಹಾಕಬಾರ್ದು?" ಎಂದ. ನನಗೆ ತಟ್ಟನೆ ಮನೆಯೊಳಗೆ ಹಾಲು ಉಕ್ಕುತ್ತಿರುವುದು ನೆನಪಾಗಿ ಎದ್ದು ಬಂದೆ. ಹಾಲು ಉಕ್ಕುತ್ತಿರಲಿಲ್ಲ.

ಮುಂದಿನ ಐತವಾರ ಪೂಜೆ ಮುಗಿದ ಮೇಲೆ ನಮ್ಮ ಮನೆಯಲ್ಲಿ ಸೂಸಲ, ಮಿರ್ಚಿ ಬಜಿಗಳ ಜೊತೆ ಇದೇ ಚರ್ಚೆ ನಡೆಯಿತು. ಅಂತೋನಿ ಎಂಬ ನಮ್ಮವರೊಬ್ಬರಿಗೆ ಎರಡು ಲಾರಿಗಳಿವೆ. ಅಭಿಪ್ರಾಯಗಳು ಅದಕ್ಕಿಂತ ಹೆಚ್ಚು. "ಆ ಸಾಲಿಗೆ ಹ್ವಾದ ಹುಡುಗ್ರು ಶಿಲುಬಿ ಗುರ್ತು ಹಾಕೂದು ಮರೀತಾರ ನೋಡ್ರಿ. ನನ್ನ ಮಗನ್ನ ನಾ ಕಾನ್ವೆಂಟಿನ್ಯಾಗ ಇಟ್ಟೇ ಓದಿಸೇನಿ," ಎಂದರು. ನನ್ನ ಹೆಂಡತಿ ಫಿಲೋಮಿನಾ ದವಾಖಾನೆಯಲ್ಲಿ ನರ್ಸು. ಸೂಜಿ ಚುಚ್ಚುವಾಗಲೂ ನಗುತ್ತಲೇ ಚುಚ್ಚುತ್ತಾಳೆ. "ಖರೆ ಅಣ್ಣಾರ. ಅದಕ್ಕ ನಿಮ್ಮ ಮಗಾ ಪೂಜಿಯೊಳಗ ಒಂದ ಕೈಲೆ ಶಿಲುಬಿ ಗುರ್ತು ಹಾಕ್ತಾನ, ಇನ್ನೊಂದ ಕೈಲೆ ಮೊಬೈಲ್ ಒತ್ತತಾನ," ಎಂದಳು. ಅಂತೋನಿ ಇನ್ನೊಂದು ಬಜಿ ತೆಗೆದುಕೊಂಡರು. ಚರ್ಚೆ ಅಲ್ಲಿಗೆ ನಮ್ಮ ಪರವಾಗಿ ಮುಗಿಯಿತೆಂದು ನಾನು ತಿಳಿದೆ. ಆದರೆ ಮೂಲೆಯಲ್ಲಿ ಕೂತಿದ್ದ ನನ್ನ ಅವ್ವ ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಅವ್ವ ಬಾಯಿ ಬಿಟ್ಟದ್ದು ಮರುದಿನ, ಸಂಗೀತಾ ಆಡಲು ಬಂದಾಗ. ನಿಮ್ಮ ಶಾಲೆಯಲ್ಲಿ ಏನು ಪ್ರಾರ್ಥನೆ ಹೇಳಿಸುತ್ತಾರೆ ಎಂದು ಕೇಳಿದ್ದಕ್ಕೆ ಆ ಹುಡುಗಿ ಕೈ ಕಟ್ಟಿ, ಕಣ್ಣು ಮುಚ್ಚಿ, ಪರಲೋಕದ ತಂದೆಗೆ ಮಾಡುವ ಪ್ರಾರ್ಥನೆಯನ್ನು ಗಡಗಡನೆ ಒಪ್ಪಿಸಿದಳು. ಲಿಂಗಾಯತರ ಹುಡುಗಿ, ಒಂದಕ್ಷರ ತಪ್ಪಲಿಲ್ಲ. ಪ್ರಾರ್ಥನೆ ನಮ್ಮದೇ. ಆದರೆ ನಾವು 'ನಿಮ್ಮ' ಎನ್ನುವಲ್ಲೆಲ್ಲ ಅವರು 'ನಿನ್ನ' ಎನ್ನುತ್ತಾರೆ. ಅವ್ವನ ಕೈಯಲ್ಲಿದ್ದ ಜಪಮಾಲೆ ನಿಂತುಬಿಟ್ಟಿತು.

"ಲೇ ತಮ್ಮಾ, ದೇವ್ರಿಗೆ ನೀ ಅಂತಾರ? ಬಸ್ಸಿನ ಕಂಡಕ್ಟರಗ ರೀ ಅಂತೀವಿ, ದೇವ್ರಿಗೆ ಇಲ್ಲೇನ?"

ನನ್ನೊಳಗಿನ ಮಾಸ್ತರ ಎದ್ದು ನಿಂತ. ಭಕ್ತಿಯಲ್ಲಿ ಏಕವಚನ ಸಲಿಗೆಯ ಗುರುತು, ಈ ನಾಡಿನ ಶರಣರೂ ದೇವರನ್ನು ನೀನು ಎಂದೇ ಕರೆದಿದ್ದಾರೆ ಎಂದು ಸಣ್ಣ ಪಾಠವನ್ನೇ ಮಾಡಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು. "ಅವ್ರು ಶರಣ್ರು, ಅವ್ರ ಸಲಿಗಿ ಬ್ಯಾರೆ. ನಿನ್ನ ಮಗಳಿಗೆ ಇನ್ನಾ ಹದಿನೇಳರ ಮಗ್ಗಿ ಬರಂಗಿಲ್ಲ," ಎಂದಳು. ಸಂಜೆ ಫಿಲೋಮಿನಾ ಮೆಲ್ಲಗೆ ಪಕ್ಕದಲ್ಲಿ ಕೂತು ಕೇಳಿದಾಗ ಅವ್ವನ ನಿಜವಾದ ಸಂಕಟ ಹೊರಬಿತ್ತು. ಮಾತೆ ಮರಿಯಮ್ಮನವರಿಗೆ ಹೇಳುವ ನಮ್ಮ ಜಪವನ್ನು ಇಬ್ಬರು ಕೂಡಿ ಹೇಳುವುದು ರೂಢಿ. ಒಬ್ಬರು ಮೊದಲರ್ಧ, ಇನ್ನೊಬ್ಬರು ಉಳಿದರ್ಧ. ನಾನು ಪೇಪರು ತಿದ್ದುತ್ತಿರುತ್ತೇನೆ, ಹೆಂಡತಿಗೆ ಡ್ಯೂಟಿ. ದಿನಾ ಸಂಜೆ ತನ್ನ ಆಯಿಯ ಜೊತೆ ಕೂತು ಉಳಿದರ್ಧ ಹೇಳುವ ಮೊಮ್ಮಗಳು ರೋಜಿ ಒಬ್ಬಳೇ. "ಅಲ್ಲಿ ಮರಿಯಮ್ಮನ್ನ ಮಾತಾಡ್ಸಂಗಿಲ್ಲಂತ. ನಾಕ ದಿನಾ ಹೋಗಿ ಬಂದು, ಆಯಿ ನಾ ಹೇಳಂಗಿಲ್ಲ ಅಂದ್ರ? ನಾ ಅರ್ಧಾ ಹೇಳಿ ಯಾರ ಮಾರಿ ನೋಡ್ಲಿ?" ಎಂದು ಅವ್ವ ಕಣ್ಣೊರೆಸಿಕೊಂಡಳು. ಅಷ್ಟು ಹೊತ್ತು ನಾನು ಅವಳ ಮುಂದೆ ವ್ಯಾಕರಣ ಹೇಳುತ್ತಿದ್ದೆನಲ್ಲ!

ಕಡೆಗೆ ಒಂದು ಒಪ್ಪಂದವಾಯಿತು. ಅವ್ವನೇ ಶಾಲೆಗೆ ಬಂದು ನೋಡುವುದು. ಅವಳು ಬೇಡವೆಂದರೆ ಬೇಡ, ರೋಜಿಯನ್ನು ಬಸ್ಸಿಗೆ ಹತ್ತಿಸುವುದು. ರೋಜಿ ಅಂದು ಸಂಗೀತಾಳ ಕೈ ಹಿಡಿದು ಮುಂದೆ ಮುಂದೆ ಓಡಿದಳು. ಅವ್ವ ಇಳಕಲ್ ಸೀರೆ ಉಟ್ಟು, ಜಪಮಾಲೆಯನ್ನು ಎಲ್ಲರಿಗೂ ಕಾಣುವಂತೆ ಕೈಗೆ ಸುತ್ತಿಕೊಂಡು ಹೊರಟಳು. ಶಾಲೆಯ ಮುಖ್ಯಸ್ಥೆ, ಹೆಡ್ ಅಕ್ಕೋರು ಸುಗುಣಾಬಾಯಿಯವರು ನಮ್ಮನ್ನು ಪಡಸಾಲೆಯಲ್ಲಿ ಕೂಡಿಸಿ, "ರೋಜಿನೂ ಇವತ್ತ ಪ್ರಾರ್ಥನಾದಾಗ ನಿಂದರ್ಲಿ," ಎಂದು ಅವಳನ್ನು ಮುಂದಿನ ಸಾಲಿಗೆ ಕರೆದೊಯ್ದರು. ಆಗಲೇ ಅನಾಹುತವಾದದ್ದು. ಈ ಪ್ರಾರ್ಥನೆಯ ಕೊನೆಗೆ ಪ್ರೊಟೆಸ್ಟಂಟರು ರಾಜ್ಯ, ಬಲ, ಮಹಿಮೆ ಎಲ್ಲ ದೇವರದೇ ಎಂದು ಇನ್ನೊಂದು ಸಾಲು ಹೇಳುತ್ತಾರೆ. ನಾವು ಮನೆಯಲ್ಲಿ ಹೇಳುವಾಗ ಅದಕ್ಕಿಂತ ಮೊದಲೇ ಆಮೆನ್ ಎಂದು ನಿಲ್ಲಿಸುತ್ತೇವೆ. ರೋಜಿಗೆ ಇದು ಗೊತ್ತಿಲ್ಲ. ಕಿವಿ ಮಂದವಾದ ಆಯಿಯ ಜೊತೆ ಜಪ ಹೇಳಿ ಬೆಳೆದ ಗಂಟಲು ಬೇರೆ. ಎಲ್ಲರೂ ಕೊನೆಯ ಸಾಲಿಗೆ ಉಸಿರು ಎಳೆದುಕೊಳ್ಳುತ್ತಿದ್ದ ಹೊತ್ತಿಗೆ ಸರಿಯಾಗಿ ಇವಳು "ಆಮೆನ್!" ಎಂದು ಬೇವಿನ ಮರದ ಕಾಗೆಗಳು ಏಳುವಂತೆ ಕೂಗಿದಳು.

ಆ ಶಾಲೆಯ ಮಕ್ಕಳಲ್ಲಿ ಮುಕ್ಕಾಲು ಪಾಲು ಲಿಂಗಾಯತರು, ಜೈನರು, ಮುಸಲ್ಮಾನರು. ಆಮೆನ್ ಎಂಬ ಶಬ್ದಕ್ಕೆ ಅವರಿಗೆ ಗೊತ್ತಿರುವ ಅರ್ಥ ಒಂದೇ: ಇನ್ನು ಕ್ಲಾಸಿಗೆ ಓಡಬಹುದು. ಓಡಿದರು. ಸಾಲು ಮುರಿದು, ಧೂಳೆಬ್ಬಿಸಿ, ಒಬ್ಬರನ್ನೊಬ್ಬರು ನೂಕಿಕೊಂಡು ಓಡಿದರು. ಅಂಗಳದಲ್ಲಿ ಉಳಿದವರು ಶಿಕ್ಷಕರು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ ಕೆಲವು ಭಕ್ತರು ಮತ್ತು ಆಗಷ್ಟೇ ನಿಧಾನವಾಗಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದ ನನ್ನ ಮಗಳು. ಅಡ್ಮಿಷನ್ನಿನ ಕತೆ ಮುಗಿಯಿತು ಎಂದು ನಾನು ಚಪ್ಪಲಿ ಹುಡುಕತೊಡಗಿದೆ. ಅವ್ವ ಮಾತ್ರ ನನ್ನ ತೋಳು ತಿವಿದು, "ನೋಡ್ದೇನ ತಮ್ಮಾ, ನಮ್ಮ ಆಮೆನ್ನಿಗೆ ಎಷ್ಟ ಮಂದಿ ಅದಾರ!" ಎಂದಳು.

ಸುಗುಣಾಬಾಯಿಯವರು ಬಂದರು. ಸಿಟ್ಟಿನಿಂದ ಅಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನಗು ತಡೆಯಲಾರದೆ. "ಯವ್ವಾ, ಇಷ್ಟ ಲಗೂ ಇವ್ರು ಕ್ಲಾಸಿಗೆ ಹೋಗಿದ್ದ ನಾ ನೋಡಿದ್ದಿಲ್ರೀ," ಎಂದು ಅವ್ವನ ಪಕ್ಕದಲ್ಲೇ ಕೂತರು. ಅವ್ವನೂ ನಕ್ಕಳು, ಆದರೆ ಬಂದ ಕೆಲಸ ಮರೆಯಲಿಲ್ಲ. "ಅಕ್ಕೋರ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನೀವು ದೇವ್ರಿಗೆ ರೀ ಯಾಕ ಅನ್ನಂಗಿಲ್ಲ?"

ಅಕ್ಕೋರು ತಿರುಗಿ ಕೇಳಿದರು: "ನೀವು ನಿಮ್ಮ ಅಪ್ಪಗ ಏನಂತಿದ್ರೀ?"

"ರೀ ಅಂತಿದ್ದೆ. ಎದುರಿಗೆ ನಿಂದರ್ತಿದ್ದಿಲ್ಲ."

"ನಿಮ್ಮ ಅವ್ವಗ?"

"ಅವ್ವಗ ಯಾರರ ರೀ ಅಂತಾರೇನ್ರೀ? ನೀ ಅಂತಿದ್ದೆ."

"ಅಷ್ಟ ನೋಡ್ರಿ ಯವ್ವಾ. ನೀವು ದೇವ್ರನ್ನ ಅಪ್ಪನ್ಹಂಗ ಮಾತಾಡಸ್ತೀರಿ, ನಾವು ಅವ್ವನ್ಹಂಗ."

ನಾನು ಕಲಿತ ವ್ಯಾಕರಣದಲ್ಲಿ ಎಲ್ಲೂ ಇಲ್ಲದ ಸೂತ್ರ ಅದು. ಅವ್ವ ಕೈಯಲ್ಲಿದ್ದ ಜಪಮಾಲೆ ಎತ್ತಿ ತೋರಿಸಿ, "ಛಲೋ ಹೇಳಿದ್ರಿ. ಆದ್ರ ಖರೇ ಅವ್ವಾ ಇಲ್ಲೇ ಅದಾಳಲ್ರೀ, ಆಕಿನ್ನ ನೀವು ಮಾತಾಡ್ಸೂದ ಇಲ್ಲಲ್ಲ!" ಎಂದಳು. ಅಕ್ಕೋರು ಜೋರಾಗಿ ನಕ್ಕು, "ಆಕಿನ್ನ ನೀವು ಮನ್ಯಾಗ ಮಾತಾಡ್ಸ್ರಿ. ಹುಡುಗಿಗೆ ನಾ ಬ್ಯಾಡ ಅನ್ನಂಗಿಲ್ಲ. ಶಿಲುಬಿ ಗುರ್ತೂ ಹಾಕ್ಲಿ, ರೀ ಅಂತನೂ ಅನ್ಲಿ. ಆದ್ರ ಆಮೆನ್ ಮಾತ್ರ ನಮ್ಮ ಕೂಡ ಅನ್ಲಿ. ಇಲ್ಲಾಂದ್ರ ದಿನಾ ನನ್ನ ಸಾಲಿ ಅರ್ಧಾ ಪ್ರಾರ್ಥನಾಕ್ಕ ಖಾಲಿ ಆಕ್ಕೈತಿ," ಎಂದರು. ಅವ್ವ ಎದ್ದು ಅವರ ಕೈ ಹಿಡಿದುಕೊಂಡಳು. ರೋಜಿ ಅಂದೇ ಸಂಗೀತಾಳ ಪಕ್ಕದಲ್ಲಿ ಕೂತಳು.

ಆ ಸಂಜೆ ಜಪಮಾಲೆಗೆ ಕೂತಾಗ ನಾನು ಪೇಪರು ತಿದ್ದುವುದು ಬಿಟ್ಟು ಬಾಗಿಲಲ್ಲಿ ನಿಂತು ಕೇಳಿದೆ. ರೋಜಿ ಉಳಿದರ್ಧವನ್ನು ಎಂದಿನಂತೆ ಕೂಗಿ ಹೇಳಿದಳು. ಪರಲೋಕದ ತಂದೆಯ ಪ್ರಾರ್ಥನೆ ಬಂದಾಗ ಹೊಸದಾಗಿ ಕಲಿತ ಆ ಬಾಲವನ್ನೂ ಸೇರಿಸಿದಳು. ಅವ್ವ ತಡೆಯಬಹುದೆಂದು ಕಾದೆ. "ಹೇಳ್ಲಿ ಬಿಡೋ. ಅದು ನಮ್ದ. ಐತವಾರ ಪೂಜಿಯೊಳಗ ಫಾದರ್ ನಡುವ ಒಂದೀಟು ಮಾತಾಡಿದ ಮ್ಯಾಲ ನಾವೂ ಹೇಳ್ತೀವಿ. ಅವ್ರು ಫಾದರ್ ಮಾತಾಡೂತನಕ ಕಾಯಂಗಿಲ್ಲ, ಅಷ್ಟ," ಎಂದು ಅವ್ವ ಮುಂದಿನ ಮಣಿಗೆ ಹೋದಳು. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಫಿಲೋಮಿನಾ ನನ್ನನ್ನು ನೋಡಿ, ಬಂದು ಕೂಡ್ರಿ ಎಂದು ಕಣ್ಣಲ್ಲೇ ಗದರಿದಳು. ಕೂತೆ.

ಹೀಗೆ ಎಲ್ಲರ ಸಮಸ್ಯೆ ಬಗೆಹರಿಯಿತು, ನನ್ನದೊಂದನ್ನು ಬಿಟ್ಟು. ಪಡಸಾಲೆಯ ಆ ಮಾತುಕತೆಯನ್ನು ಆಯಿ ಮೊಮ್ಮಗಳಿಗೆ ವಿವರವಾಗಿ ಹೇಳಿದ್ದಾಳೆ. ಅಲ್ಲಿಯವರೆಗೆ ನನ್ನನ್ನು 'ಅಪ್ಪಾ, ನೀವು' ಎನ್ನುತ್ತಿದ್ದ ಮಗಳು ಮರುದಿನವೇ ಓಣಿಯ ತುದಿಯಿಂದ "ಅಪ್ಪಾ, ನೀ ಲಗೂನ ಬಾ!" ಎಂದು ಕೂಗಿದಳು. ಓಣಿಯಲ್ಲಿ ನನ್ನ ವಿದ್ಯಾರ್ಥಿಗಳಿದ್ದರು. ಮನೆಗೆ ಬಂದು, ಹಿರಿಯರಿಗೆ ನೀವು ಎನ್ನಬೇಕು ಎಂದು ಮೊದಲಿನಿಂದ ಪಾಠ ಶುರು ಮಾಡಿದೆ. ಅವಳು ಕಣ್ಣರಳಿಸಿ, "ದೇವ್ರಿಗೆ ನಡೀತೈತಿ, ನಿನಗ ನಡ್ಯಂಗಿಲ್ಲೇನ?" ಎಂದಳು. ಅವ್ವ ಮೂಲೆಯಿಂದ "ಹಾಂಗ ಕೇಳ!" ಎಂದಳು. ಪಾಠ ಅಲ್ಲಿಗೇ ಮುಗಿಯಿತು. ನಿಜ ಹೇಳಬೇಕೆಂದರೆ, ಆ 'ನೀ' ಕೇಳಿದಾಗೆಲ್ಲ ಒಳಗೆ ಏನೋ ತಣ್ಣಗಾಗುತ್ತದೆ. ಬಹುವಚನ ಅವಳ ನಾಲಿಗೆಯಿಂದ ಪೂರ್ತಿ ಹೋಗಿಲ್ಲ, ಅದಕ್ಕೀಗ ಬೇರೆ ಕೆಲಸ ಸಿಕ್ಕಿದೆ. ನಿನ್ನೆ ಸಂಜೆ ಸ್ಕೂಟರು ನಿಲ್ಲಿಸುತ್ತಿದ್ದಂತೆ ಹೊಸ್ತಿಲ ಮೇಲಿಂದ ಬಹಳ ಮರ್ಯಾದೆಯ ದನಿ ಬಂತು: "ಬಂದ್ರೇನ್ರೀ ಅಪ್ಪಾರ? ನೀವು ಆರಾಮ ಅದೀರೇನ್ರೀ?" ಪುಸ್ತಕಕ್ಕೆ ಹಾಕುವ ಖಾಕಿ ಹಾಳೆ ತರಲು ಬೆಳಿಗ್ಗೆ ಅವಳು ಹೇಳಿದ್ದು ಆಗ ನೆನಪಾಯಿತು. ಸ್ಕೂಟರು ತಿರುಗಿಸಿ, ಮತ್ತೆ ಏಕವಚನಕ್ಕೆ ಅರ್ಹನಾಗಲು ಪೇಟೆಗೆ ಹೊರಟೆ.