ದೊಡ್ಡಪ್ಪ ಒಣಗಲು ಹಾಕಿದ ಉತ್ತರಗಳು

ಎಡಗಿವಿಯ ಕೂದಲಿನಲ್ಲಿ ಮುಕ್ಕಾಲು ಅಂಗುಲದ ಒಂದು ತೆಂಗಿನ ನಾರು ಸಿಕ್ಕಿಕೊಂಡಿತ್ತು. ಕೇಳಿದ ಪ್ರಶ್ನೆಗೆ ಉತ್ತರ ಬರಲಿ ಎಂದು ಕಾಯುತ್ತಾ ನಾನು ಅದನ್ನೇ ನೋಡುತ್ತಿದ್ದೆ. ಒಂದು ನೊಣ ಬಂದು ಅದರ ಮೇಲೆ ಕೂತಿತು, ಹಾರಿಹೋಯಿತು, ಮತ್ತೆ ಬಂದು ಕೂತಿತು. ಉತ್ತರ ಬರಲಿಲ್ಲ.

ಕಿವಿ ನಮ್ಮ ದೊಡ್ಡಪ್ಪನದು. ಸರ್ಕಾರಿ ಕಚೇರಿಗೆ ಅರ್ಜಿ ಹಾಕಿ ಕಾದು ಬೇಸತ್ತವರು ನಿಮ್ಮಲ್ಲಿ ಬಹಳ ಮಂದಿ ಇರಬಹುದು. ನೀವೆಲ್ಲ ಒಮ್ಮೆ ನೊಣವಿನಕೆರೆ ಕಡೆ ಬಂದು ನಮ್ಮ ದೊಡ್ಡಪ್ಪನನ್ನು ಒಂದೇ ಒಂದು ಪ್ರಶ್ನೆ ಕೇಳಿ ನೋಡಬೇಕು. ಕಚೇರಿಗಳ ಮೇಲೆ ಪ್ರೀತಿ ಹುಟ್ಟುತ್ತದೆ.

ನಮ್ಮ ಕಡೆ ಬಲಿತ ಕಾಯನ್ನು ಇಳಿಸಿದ ಕೂಡಲೇ ಒಡೆಯುವುದಿಲ್ಲ. ಅಟ್ಟಕ್ಕೆ ಹಾಕುತ್ತೇವೆ. ಹತ್ತು ಹನ್ನೊಂದು ತಿಂಗಳು ಅದು ಅಲ್ಲೇ ಕೂತು, ಒಳಗಿನ ನೀರು ಇಂಗಿ, ತಿರುಳು ತಾನಾಗಿಯೇ ಚಿಪ್ಪು ಬಿಡಬೇಕು. ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಒಳಗೆ ಗುಡುಗುಡು ಎನ್ನುತ್ತದೆ. ಆಗ ಒಡೆದರೆ ಕೊಬ್ಬರಿ ಇಡೀ ಉಂಡೆಯಾಗಿ ಬರುತ್ತದೆ, ಅವಸರಪಟ್ಟರೆ ಚೂರು. ಇಷ್ಟು ತಿಪಟೂರು ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಇದನ್ನು ಮಾತಿಗೂ ಅನ್ವಯಿಸಿದವರು ನಮ್ಮ ದೊಡ್ಡಪ್ಪ ಒಬ್ಬರೇ. ಯಾರು ಏನು ಕೇಳಿದರೂ ತಲೆಯೆತ್ತಿ ಒಮ್ಮೆ ಅಟ್ಟದ ಕಡೆ ನೋಡುತ್ತಾರೆ. ಪ್ರಶ್ನೆ ಮೇಲೆ ಹೋಯಿತು ಎಂದು ಅರ್ಥ.

ಒಮ್ಮೆ ನೊಣವಿನಕೆರೆ ಬಸ್‌ ನಿಲ್ದಾಣದಲ್ಲಿ ಯಾರೋ ಯುವಕ, "ಯಜಮಾನ್ರೇ, ಇದು ತುರುವೇಕೆರೆ ಬಸ್ಸಾ?" ಎಂದು ಕೇಳಿದನಂತೆ. ಅಲ್ಲಿ ಅಟ್ಟವಿರಲಿಲ್ಲ, ದೊಡ್ಡಪ್ಪ ಆಕಾಶ ನೋಡಿದರು. ಬಸ್ಸು ಹೋಯಿತು, ಯುವಕನೂ ಹೋದ. ಮಾರನೆಯ ವರ್ಷ ದಬ್ಬೇಘಟ್ಟದ ಟೀ ಅಂಗಡಿಯಲ್ಲಿ ಅದೇ ಯುವಕ ಕಣ್ಣಿಗೆ ಬಿದ್ದ. ದೊಡ್ಡಪ್ಪ ಅವನ ಹೆಗಲು ತಟ್ಟಿ, "ಹೂಂ ಕಣಪ್ಪ, ಅದು ತುರುವೇಕೆರೆ ಬಸ್ಸೇ" ಎಂದರು.

"ಗೊತ್ತಾಯ್ತು ಬುಡಿ ಯಜಮಾನ್ರೇ," ಎಂದನಂತೆ ಅವನು. "ಆ ಬಸ್ಸಿನ ಕಂಡಕ್ಟರ್ ತಂಗೀನೇ ಮದ್ವೆಯಾದೆ."

ಇಂಥವರ ಜೊತೆ ದೊಡ್ಡಮ್ಮ ಹೇಗೆ ಬಾಳಿದರು? ನಾನೂ ಕೇಳಿದ್ದೇನೆ. "ಸಾರಿಗೆ ಉಪ್ಪು ಸಾಕಾ ಅಂತ ಕೇಳೋದು ಬುಟ್ಟು ಇಪ್ಪತ್ತು ವರ್ಷ ಆಯ್ತು ಕಣೇ," ಎಂದರು. "ಹೋದ ವರ್ಷದ ಹುರುಳಿ ಸಾರಿನ ಉಪ್ಪಿನ ವಿಚಾರ ಈ ವರ್ಷ ಹೇಳಿದ್ರೆ ನಾನೇನು ಮಾಡ್ಲಿ? ಅಷ್ಟೇ ಯಾಕೆ, ನನ್ನ ನೋಡೋಕೆ ಬಂದಾಗ ನಮ್ಮಪ್ಪ 'ಹುಡುಗಿ ಒಪ್ಪಿಗೇನಾ' ಅಂತ ಕೇಳಿದ್ರು. ಇವರು ಒಪ್ಪಿಗೆ ಅಂದಿದ್ದು ಮದ್ವೆಯಾಗಿ ಹತ್ತು ತಿಂಗಳಿಗೆ. ಅಷ್ಟೊತ್ತಿಗೆ ನಾನು ಬಸುರಿ."

ಇಂಥ ಮನೆಗೆ ನಾನು ಸಂಶೋಧನೆ ಮಾಡಲು ಬಂದೆ. ಗ್ರಾಮೀಣಾಭಿವೃದ್ಧಿಯಲ್ಲಿ ಎಂ.ಎ. ಮುಗಿಸಿ, ಹಳ್ಳಿಗಳಲ್ಲಿ ಕೆಲಸ ಮಾಡುವ ಒಂದು ಸಂಸ್ಥೆ ಸೇರಿದ್ದೆ. ಊರಿಗೆ ಏನು ಬೇಕೆಂಬುದನ್ನು ಹೊರಗಿನವರು ಹೇಳದೆ, ಊರಿನವರೇ ಕೂತು ಕಂಡುಕೊಳ್ಳುವುದು ನಮ್ಮ ವಿಧಾನ. ಇದಕ್ಕೆ ಸಹಭಾಗಿ ಸಂಶೋಧನೆ ಎನ್ನುತ್ತಾರೆ. "ಜನರಿಗೆ ಸಮಯ ಕೊಡಿ, ಉತ್ತರಕ್ಕೆ ಅವಸರ ಮಾಡಬೇಡಿ" ಎಂದು ನಮ್ಮ ಮೇಡಂ ತರಬೇತಿಯಲ್ಲಿ ಪದೇಪದೇ ಹೇಳಿದ್ದರು. ಪಾಪ, ಅವರು ನಮ್ಮ ದೊಡ್ಡಪ್ಪನನ್ನು ನೋಡಿರಲಿಲ್ಲ.

ಮೊದಲ ದಿನ ಅರಳಿಕಟ್ಟೆಯ ಮೇಲೆ ಸೀಮೆಸುಣ್ಣದಿಂದ ಐದು ಚೌಕ ಬರೆದೆ. ಕುಡಿಯುವ ನೀರು, ರಸ್ತೆ, ಬಸ್ಸು, ದನದ ಆಸ್ಪತ್ರೆ, ಹೆಂಗಸರು ಕೆಲಸ ಮಾಡುವ ಜಾಗ. ಪ್ರತಿಯೊಬ್ಬರಿಗೂ ಹತ್ತು ಕಡಲೆಕಾಯಿ ಬೀಜ. ಯಾವ ತೊಂದರೆ ದೊಡ್ಡದೋ ಆ ಚೌಕದಲ್ಲಿ ಹೆಚ್ಚು ಬೀಜ ಇಡಬೇಕು. ಎಲ್ಲರೂ ಇಟ್ಟರು. ದೊಡ್ಡಪ್ಪ ರಸ್ತೆಯ ಚೌಕದ ಮುಂದೆ ಕೂತು ಯೋಚಿಸಲು ತೊಡಗಿದರು. ಯೋಚಿಸುವಾಗ ಅವರ ಬಾಯಿ ಸುಮ್ಮನಿರುವುದಿಲ್ಲ. ನಾನು ಎಣಿಸಲು ಬರುವ ಹೊತ್ತಿಗೆ ಆ ಚೌಕ ಗುಡಿಸಿದಂತಿತ್ತು. ನಮ್ಮೂರಿಗೆ ರಸ್ತೆಯ ತೊಂದರೆ ಇಲ್ಲವೆಂದು ಸಾಬೀತಾಗಿತ್ತು.

ಕೊಬ್ಬರಿ ಒಡೆಯುವ ಹೆಂಗಸರ ಗುಂಪಿನ ಕೆಂಪಮ್ಮ ನಿಟ್ಟುಸಿರುಬಿಟ್ಟಳು. "ರಸ್ತೇನೆಲ್ಲ ಯಜಮಾನ್ರೇ ತಿಂದ್ರೆ ಕಂಟ್ರಾಕ್ಟರು ಏನ್ ತಿನ್ಬೇಕು?"

ಮಾರನೆಯ ದಿನ ಹುಣಸೆಬೀಜ ತಂದು ಮೊದಲಿನಿಂದ ಮಾಡಿಸಿದೆ. ಹೆಂಗಸರು ಕೆಲಸ ಮಾಡುವ ಜಾಗವೇ ಗೆದ್ದಿತು. ಅದರಲ್ಲಿ ಆಶ್ಚರ್ಯವಿರಲಿಲ್ಲ. ಹನ್ನೆರಡು ಹೆಂಗಸರು ವರ್ಷವಿಡೀ ರಸ್ತೆಯ ಬದಿ ಬಿಸಿಲಲ್ಲಿ ಕೂತು ಚಿಪ್ಪು ಒಡೆಯುತ್ತಾರೆ. ನೆರಳಿಲ್ಲ, ಶೌಚಾಲಯವಿಲ್ಲ. ಒಂದು ಶೆಡ್ಡು, ಪಕ್ಕದಲ್ಲೊಂದು ಶೌಚಾಲಯ ಬೇಕು ಎಂದರು. ಎಲ್ಲಿ ಎಂದು ಕೇಳಿದೆ. ಹನ್ನೆರಡು ಕೈಗಳೂ ಒಂದೇ ಕಡೆ ತೋರಿಸಿದವು. ದೊಡ್ಡಪ್ಪನ ಮನೆಯ ಪಕ್ಕ, ಕಾಯಿ ಸುಲಿದ ಮಟ್ಟೆಯ ರಾಶಿ ಬಿದ್ದಿರುವ ಅವರದೇ ಖಾಲಿ ಜಾಗ.

ಶುಕ್ರವಾರ ಗ್ರಾಮಸಭೆ. ಅಷ್ಟರೊಳಗೆ ಜಾಗದವರ ಒಪ್ಪಿಗೆ ಪತ್ರ ಸಿಕ್ಕರೆ ಶೆಡ್ಡು ನಮ್ಮೂರಿಗೆ. ಇಲ್ಲವಾದರೆ ಪಂಚಾಯಿತಿಯವರು 'ಸ್ಥಳವಿಲ್ಲ' ಎಂದು ಬರೆದು ಪಕ್ಕದ ಊರಿಗೆ ಕೊಡುತ್ತಾರೆ. ಇದನ್ನೆಲ್ಲ ಬಿಡಿಸಿ ಹೇಳಿ, ದೊಡ್ಡಪ್ಪನನ್ನು ಕೇಳಿ, ನಾನು ಆ ನಾರನ್ನು ನೋಡುತ್ತಾ ಕಾದದ್ದು. ಅವರು ಅಟ್ಟ ನೋಡಿದರು.

"ಹೂಂ ಅಥವಾ ಉಹೂಂ, ಅಷ್ಟೇ ಸಾಕು ದೊಡ್ಡಪ್ಪ."

"ಹೂಂ ಅನ್ನೋದೂ ಒಣಗ್ಬೇಕು ಕಣಮ್ಮ. ಹಸೀದು ಕೊಟ್ರೆ ಬೂಷ್ಟು ಬರುತ್ತೆ."

"ಸಭೆ ಶುಕ್ರವಾರ."

"ಯಾವ ವರ್ಷದ್ದು?"

ನಾನು ಹೆಚ್ಚು ಮಾತಿನವಳಲ್ಲ. ಜನರನ್ನು ಒತ್ತಾಯಿಸುವುದು ನನಗೆ ಬರುವುದಿಲ್ಲ. ಒಂದು ಚೀಟಿಯಲ್ಲಿ 'ಹೌದು', ಇನ್ನೊಂದರಲ್ಲಿ 'ಇಲ್ಲ' ಎಂದು ಬರೆದು ಅವರ ತಟ್ಟೆಯ ಪಕ್ಕ ಇಟ್ಟೆ. ದೊಡ್ಡಪ್ಪ ಊಟವಾದ ಮೇಲೆ 'ಹೌದು' ಚೀಟಿಯನ್ನು ಸುರುಳಿ ಮಾಡಿ ಕಿವಿ ಕೆರೆದುಕೊಂಡರು. ಇದನ್ನು ಒಪ್ಪಿಗೆ ಎಂದು ದಾಖಲಿಸಬಹುದೇ? ನಮ್ಮ ಕೈಪಿಡಿಯಲ್ಲಿ ಹುಡುಕಿದೆ, ಇರಲಿಲ್ಲ.

ಗುರುವಾರ ಸಂಜೆ ಕೆಂಪಮ್ಮ ಬಂದಳು. ಕೈಯಲ್ಲಿ ಚಿಪ್ಪು ಒಡೆಯುವ ಮಚ್ಚಿತ್ತು. ಕೆಲಸದಿಂದ ನೇರ ಬಂದಿದ್ದಳು, ಅಷ್ಟೇ. ಆದರೂ ದೊಡ್ಡಪ್ಪ ಜಗಲಿಯ ಮೇಲೆ ಅರ್ಧ ಅಡಿ ಹಿಂದಕ್ಕೆ ಸರಿದರು.

"ನಾಳೆ ಸಭೆ ಯಜಮಾನ್ರೇ."

ದೊಡ್ಡಪ್ಪ ಅಟ್ಟ ನೋಡಿದರು.

"ಮೇಲ್ಗಡೆ ನೋಡ್ಬೇಡಿ. ಇದು ಹೊಸ ಪ್ರಶ್ನೆ ಅಲ್ಲ," ಎಂದಳು ಕೆಂಪಮ್ಮ. ದನಿ ಏರಿಸಲಿಲ್ಲ. "ಹದಿನೇಳು ವರ್ಷದ ಹಿಂದೆ ಇದೇ ಜಾಗದಲ್ಲಿ ನಿಂತ್ಕಂಡು ಕೇಳಿದ್ದೆ. ಆಗ ನನ್ನ ಮಗಳಿಗೆ ಮೂರು ತಿಂಗಳು. ಕಾಯಿ ಒಡೆಯೋವಾಗ ಮಗೀಗೆ ಜೋಳಿಗೆ ಕಟ್ಟೋಕೆ ಅಲ್ಲೊಂದು ಚಪ್ಪರ ಹಾಕ್ಕಳ್ಲಾ ಅಂತ. ನೀವು ಹಿಂಗೇ ಅಟ್ಟ ನೋಡಿದ್ರಿ. ಈಗ ಅವಳು ತಿಪಟೂರಲ್ಲಿ ಕಾಲೇಜಿಗೆ ಹೋಗ್ತಾವ್ಳೆ. ಎಂಥಾ ಕಾಯಾದ್ರೂ ವರ್ಷಕ್ಕೆ ಒಣಗುತ್ತೆ. ಇದ್ಯಾವ ಕಾಯಿ?"

"ಹಂಗ್ ಕೇಳು," ಎಂದರು ಒಳಗಿನಿಂದ ದೊಡ್ಡಮ್ಮ.

ನಾನು ನಗು ತಡೆದುಕೊಂಡಿದ್ದೆ. ದೊಡ್ಡಪ್ಪನ ಮುಖ ನೋಡಿದ ಮೇಲೆ ತಡೆದುಕೊಳ್ಳುವ ಅಗತ್ಯ ಬೀಳಲಿಲ್ಲ.

"ಅದು ಎಂಟೇ ತಿಂಗಳಿಗೆ ಒಣಗಿತ್ತು ಕೆಂಪಮ್ಮ," ಎಂದರು ಅವರು.

ರಸ್ತೆಯಾಚೆ ಕೈ ತೋರಿಸಿ ಮುಂದುವರಿಸಿದರು.

"ಹೂಂ ಅಂತ ಹೇಳೋಕೇ ಬಂದಿದ್ದೆ. ನೀನು ಬಿಸಿಲಲ್ಲಿ ಕೂತಿದ್ದೆ. ಮಗು ಆಗ್ಲೇ ನಿನ್ನ ಭುಜ ಹಿಡ್ಕಂಡು ಹೆಜ್ಜೆ ಇಡ್ತಿತ್ತು. ಜೋಳಿಗೆ ಬೇಕಾಗೋ ಕಾಲ ಮುಗಿದೋಗಿತ್ತು. ಇನ್ನು ಯಾವ ಮುಖ ಇಟ್ಕಂಡು ಹೇಳ್ಲಿ ಅಂತ ಹಂಗೇ ವಾಪಸ್ ಬಂದೆ." ಪಂಚೆಯ ಅಂಚನ್ನು ಮಡಿಸಿದರು, ಬಿಡಿಸಿದರು. "ಆಮೇಲೆ ಅದು ಅಲ್ಲೇ ಕೌಟಾಯ್ತು."

ಕೌಟು ಎಂದರೆ ಕೊಬ್ಬರಿ ಕೆಟ್ಟು ಕಮಟು ವಾಸನೆ ಬರುವುದು. ನಮ್ಮ ಕಡೆ ಕೌಟಾದದ್ದನ್ನು ಯಾರೂ ತಾವಾಗಿ ತಂದು ಮುಂದಿಡುವುದಿಲ್ಲ. ಮೂಟೆಯ ತಳಕ್ಕೆ ಹಾಕುತ್ತಾರೆ. ತಮ್ಮ ಅಟ್ಟದಲ್ಲಿ ಒಂದು ಕಾಯಿಯೂ ಕೆಟ್ಟಿಲ್ಲವೆಂದು ಮೀಸೆ ತಿರುವುತ್ತಿದ್ದ ಮನುಷ್ಯ ಹದಿನೇಳು ವರ್ಷ ಈ ಒಂದನ್ನು ಬಚ್ಚಿಟ್ಟುಕೊಂಡಿದ್ದರು. ದಿನಾ ಆ ಜಗಲಿಯ ಮೇಲೆ ಕೂತು, ದಿನಾ ರಸ್ತೆಯಾಚೆಯ ಬಿಸಿಲನ್ನು ನೋಡಿಕೊಂಡು.

ಕೆಂಪಮ್ಮ ಮಚ್ಚನ್ನು ಕೆಳಗಿಟ್ಟಳು.

"ಕೌಟಾದ್ರೆ ಎಣ್ಣೆಗಾಗುತ್ತೆ ಬುಡಿ ಯಜಮಾನ್ರೇ," ಎಂದಳು. "ಯಾವ್ದೂ ದಂಡ ಆಗಲ್ಲ."

ನಾನು ಪತ್ರ ಮುಂದಿಟ್ಟೆ. ದೊಡ್ಡಪ್ಪ ಓದದೆಯೇ ಸಹಿ ಹಾಕಿದರು. ಈ ಸಂಭಾಷಣೆಯನ್ನು ನಾನು ಕ್ಷೇತ್ರಕಾರ್ಯದ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ಅದರಲ್ಲಿ ಇದಕ್ಕೆ ಕಾಲಮ್ಮು ಇರಲಿಲ್ಲ.

ಸಭೆಗೆ ಮೊದಲು, ಒಂಬತ್ತು ಗಂಟೆಗೆ, ಪಂಚಾಯಿತಿಯವರು ಜಾಗ ನೋಡಲು ಬರುವವರಿದ್ದರು. ಮಾರನೆಯ ಬೆಳಗ್ಗೆ ನಾನು ಐದೂವರೆಗೆ ಎದ್ದು, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಯಾರನ್ನೂ ಏನೂ ಕೇಳದೆ, ಆ ಮಟ್ಟೆಯ ರಾಶಿಯನ್ನು ಬುಟ್ಟಿಗೆ ತುಂಬಿ ಹಿತ್ತಿಲಿಗೆ ಹೊರತೊಡಗಿದೆ. ನಲವತ್ತೊಂದನೆಯ ಬುಟ್ಟಿಗೆ ನೆಲ ಕಂಡಿತು.