ತುಂಗಾ ಬಾಯಿ ಬಿಟ್ಟಳು

ಬರುವ ಮೌಖಿಕ ಪರೀಕ್ಷೆಯೊಳಗೆ ಮಗಳ ಬಾಯಿಂದ ಇಂಗ್ಲಿಷು ಕೃಷ್ಣೆಯ ಹಾಗೆ ಹರಿಯದಿದ್ದರೆ ತಾನು ಶ್ರೀವಲ್ಲಿಯೇ ಅಲ್ಲ ಎಂದು ಶ್ರೀವಲ್ಲಿ ಶಾಲೆಯ ಗೇಟಿನಲ್ಲೇ ನಿಂತು ಪಣ ತೊಟ್ಟಳು. ಇಂಥ ಭೀಷ್ಮ ಪ್ರತಿಜ್ಞೆಗೆ ಸಾಕ್ಷಿಯಾಗಿ ಅಲ್ಲಿದ್ದವನು ಆಟೋದವನೊಬ್ಬನೇ. ಅವನು, "ಹತ್ರೀ ಅಕ್ಕಾರ, ನನಗ ಇನ್ನೂ ಸ್ಟೇಷನ್ ಕಡಿ ಹೋಗೋದದ" ಎಂದ.

ಅವಳ ಸಿಟ್ಟಿಗೆ ಕಾರಣವಿತ್ತು. ಯುಕೆಜಿಯ ಕಹಕಶಾನ್ ಮಿಸ್ ಆಗಷ್ಟೇ ಅವಳನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದ್ದರು. "ನೋಡ್ರಿ ಮೇಡಂ, ತುಂಗಾ ಶಾಣ್ಯಾಕಿ. ಆದ್ರ ಇಂಗ್ಲಿಷ್‌ನಾಗ ತುಟಿ ಪಿಟಕ್ಕನಂಗಿಲ್ಲ. ಈ ಸಲ 'ನಮ್ಮ ಶಾಲೆ, ನಮ್ಮ ಸುತ್ತಲಿನ ಸಹಾಯಕರು' ಪಾಠದ ಮ್ಯಾಲೆ ಬಾಯಿಮಾತಿನ ಪರೀಕ್ಷೆ ಅದ. ಆವತ್ತೂ ಬಾಯಿ ಬಿಡಲಿಲ್ಲ ಅಂದ್ರ ಇನ್ನೊಂದು ವರ್ಷ ಯುಕೆಜಿಯಾಗೇ ಕೂಡಿಸಬೇಕಾಗ್ತದ."

ಇನ್ನೊಂದು ವರ್ಷ ಯುಕೆಜಿ! ಹೈದರಾಬಾದಿನ ಶಾಲೆಯಲ್ಲಿ ಇಂಗ್ಲಿಷಿನಲ್ಲೇ ಅತ್ತು ಇಂಗ್ಲಿಷಿನಲ್ಲೇ ಜಗಳವಾಡಿ ಬೆಳೆದ ಶ್ರೀವಲ್ಲಿಯ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ! ಆಟೋ ಮನೆ ಮುಟ್ಟುವಷ್ಟರಲ್ಲಿ ಅವಳ ಕಣ್ಣ ಮುಂದೆ ಮಗಳ ಇಡೀ ಭವಿಷ್ಯ ಹಾದುಹೋಗಿತ್ತು. ಮುಂದೊಂದು ದಿನ ಗಂಡಿನ ಕಡೆಯವರು ಬಂದು ಕುಳಿತು, ಉಪ್ಪಿಟ್ಟು ತಿಂದು, ಚಹಾ ಕುಡಿದು, ಕೊನೆಗೆ "ಹುಡುಗಿ ಯುಕೆಜಿ ಎರಡು ಸಲ ಮಾಡ್ಯಾಳಂತಲ್ಲ" ಎಂದು ಕೇಳುವುದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

ಸಂಜೆ ಗಂಡ ವಿಶ್ವೇಶ ದೇವದುರ್ಗದ ಕಾಲೇಜಿನ ಕೆಲಸ ಮುಗಿಸಿ, ಬಸ್ಸಿನ ಧೂಳನ್ನೆಲ್ಲ ಮೈಮೇಲೆ ಹೊತ್ತು ಬಂದ. ಬಂದವನಿಗೆ ನೀರಿಗಿಂತ ಮೊದಲು ಪ್ರಶ್ನೆ ಸಿಕ್ಕಿತು.

"ನಿಮ್ಮ ಮನಿತನದಾಗ ಯಾರರ ಯುಕೆಜಿ ಫೇಲಾಗ್ಯಾರೇನ್ರೀ?"

ವಿಶ್ವೇಶ ಸಾಕ್ಸ್ ಬಿಚ್ಚುತ್ತ ಗಂಭೀರವಾಗಿ ಯೋಚಿಸಿದ. "ನಮ್ಮ ಕಾಲಕ್ಕ ಮಾನ್ವಿಯೊಳಗ ಯುಕೆಜಿನೇ ಇದ್ದಿಲ್ಲ. ಹಂಗಾಗಿ ಎಲ್ಲಾರೂ ಪಾಸು."

"ನಿಮಗ ಎಲ್ಲಾ ಚ್ಯಾಷ್ಟಿ. ನಾಳಿಂದ ಈ ಮನಿಯೊಳಗ ಇಂಗ್ಲಿಷ್ ವಾತಾವರಣ ಇರಬೇಕು. ಅತ್ತಿಯವರಿಗೂ ಹೇಳ್ರಿ."

ಹೇಳುವ ಅಗತ್ಯವಿರಲಿಲ್ಲ. ಅತ್ತೆ ಜಯಾಬಾಯಿ ದೇವರ ಮನೆಯಿಂದಲೇ ಉತ್ತರಿಸಿದರು. "ನಾ ಗುರುವಾರ ಸುಮ್ಮನಿರ್ತೀನಲ್ಲವಾ, ಅದನ್ನೇ ಇಂಗ್ಲಿಷ್ ಅನ್ಕೋ."

ಇದು ಸುಳ್ಳಲ್ಲ. ಗುರುವಾರ ರಾಯರ ವಾರ. ಅಂದು ಜಯಾಬಾಯಿ ತಲೆಗೆ ಸ್ನಾನ ಮಾಡಿ, ಯಾರೂ ಮುಟ್ಟದ ಮಡಿ ಸೀರೆಯುಟ್ಟು, ಒಲೆಯ ಮುಂದೆ ನಿಂತರೆಂದರೆ ನೈವೇದ್ಯವಾಗುವ ತನಕ ಅವರನ್ನು ಯಾರೂ ಮುಟ್ಟುವಂತಿಲ್ಲ, ಅವರು ಯಾರೊಡನೆಯೂ ಮಾತಾಡುವಂತಿಲ್ಲ. ಏನಿದ್ದರೂ ಸೌಟಿನ ಸನ್ನೆ.

ಮರುದಿನದಿಂದ ಮನೆ ಲಂಡನ್ ಆಯಿತು. ಶ್ರೀವಲ್ಲಿ ಪುಸ್ತಕ ಹಿಡಿದು ಕೂತಳು. "ಹೂ ಬ್ರಿಂಗ್ಸ್ ಅಸ್ ಲೆಟರ್ಸ್? ನಮಗ ಕಾಗದ ತಂದುಕೊಡೋರು ಯಾರು?"

ತುಂಗಾ ಬಹಳ ಹೊತ್ತು ಯೋಚಿಸಿ ಕನ್ನಡದಲ್ಲಿ ಹೇಳಿದಳು. "ಯಾರೂ ಇಲ್ಲಮ್ಮ. ಕೊರಿಯರ್ ಮಾಮಾ ಡಬ್ಬಿ ತರ್ತಾನ."

"ಪೋಸ್ಟ್‌ಮ್ಯಾನ್ ಅನಬೇಕು."

"ನಮ್ಮ ಓಣಿಗೆ ಬಂದೇ ಇಲ್ಲಲ್ಲ?"

"ಬುಕ್ಕಿನಾಗ ಬರ್ತಾನ. ಬುಕ್ಕಿನಾಗ ಇದ್ದಂಗ ಹೇಳು."

ಪೋಸ್ಟ್‌ಮ್ಯಾನ್, ನರ್ಸ್, ಪೊಲೀಸ್ ಎಲ್ಲರೂ ಸೋತು ಹಿಂದಿರುಗಿದರು. ತುಂಗಾಳ ಕಣ್ಣು ಅರಳಿದ್ದು ಒಬ್ಬನ ಚಿತ್ರ ಕಂಡಾಗ ಮಾತ್ರ. ಕೆಂಪು ಗಾಡಿ, ಹಳದಿ ಟೋಪಿ, ಉದ್ದನೆಯ ಪೈಪು, ಫೈರ್‌ಮ್ಯಾನ್! ಶ್ರೀವಲ್ಲಿ ಸಿಕ್ಕ ಸಂದಿಯಲ್ಲಿ ನುಗ್ಗಿದಳು. ಕೆಂಪು ದುಪಟ್ಟಾ ಬೀಸಿ ತಾನೇ ಬೆಂಕಿಯಾದಳು, ಕೆಮ್ಮಿ ಕೆಮ್ಮಿ ತಾನೇ ಹೊಗೆಯಾದಳು, ಕೊನೆಗೆ ಸೋಫಾದ ಮೇಲೆ ದೊಪ್ಪನೆ ಬಿದ್ದು ಅಪಾಯದಲ್ಲಿ ಸಿಲುಕಿದವಳೂ ಆದಳು.

"ಹೊಗಿ ಭಾಳ ಆತು ಅಂದ್ರ ದೊಡ್ಡವರಿಗೆ ಮಾತೇ ಹೊರಡಂಗಿಲ್ಲ ನೋಡು. ಬರೇ ಕೈ ಮಾಡ್ತಾರ. ಆವಾಗ ಮಕ್ಕಳು ಧೈರ್ಯ ಮಾಡಿ ಫೋನ್ ಮಾಡಬೇಕು. ಏನಂತ? ಅವರ್ ಹೌಸ್ ಈಸ್ ಆನ್ ಫೈರ್. ಪ್ಲೀಸ್ ಕಮ್ ಕ್ವಿಕ್ಲಿ."

ಒತ್ತಬೇಕಾದ ನಂಬರ್ ಕಲಿಸಿದಳು. ಮನೆ ನಂಬರ್, ಓಣಿಯ ಹೆಸರು, ಮೂಲೆಯ ಹಿಟ್ಟಿನ ಗಿರಣಿ, ಎಲ್ಲವನ್ನೂ ಇಂಗ್ಲಿಷಿನಲ್ಲೇ ಕಲಿಸಿದಳು. ಇದು ಬರೀ ಆಟ ಎಂಬುದೊಂದನ್ನು ಕಲಿಸಲು ಮರೆತಳು.

ಗುರುವಾರ ಬಂತು. ಪರೀಕ್ಷೆಯ ಮುಂಚಿನ ರಜೆ. ಶ್ರೀವಲ್ಲಿ ತನ್ನ ಮೊಬೈಲಿನಲ್ಲಿ ಇಂಗ್ಲಿಷ್ ಪದ್ಯ ಹಚ್ಚಿಕೊಟ್ಟು ತುಂಗಾಳನ್ನು ಪಡಸಾಲೆಯಲ್ಲಿ ಕೂಡಿಸಿ, ಬಟ್ಟೆ ಒಣಹಾಕಲು ಮಾಳಿಗೆ ಹತ್ತಿದಳು. ಪಕ್ಕದ ಮಾಳಿಗೆಯಲ್ಲಿ ಮುನವ್ವರ್ ಬೀ ಸಂಡಿಗೆ ಇಡುತ್ತಿದ್ದರು. ಕಿವಿಯೊಂದು ಸಿಕ್ಕಿದ್ದೇ ಶ್ರೀವಲ್ಲಿಯ ಅಣೆಕಟ್ಟು ಒಡೆಯಿತು.

"ಫೀಸ್ ತೊಗೊಳ್ಳಾಕ ಅವ್ರು, ಕಲಿಸೋದು ನಾವು. ಹಂಗಾದ್ರ ಸಾಲಿ ಯಾಕ ಬೇಕ್ರೀ? ಆ ಮಿಸ್ಸಿಗೆ ಮಕ್ಕಳ ಬಾಯಿ ಬಿಡಿಸೋದು ಗೊತ್ತಿಲ್ಲ, ನಮ್ಮ ಕೂಸಿಗೆ ಬಾಯಿಲ್ಲ ಅಂತಾರ."

"ಸಚ್ ಬಾತ್ ಬೇಟಿ" ಎಂದರು ಮುನವ್ವರ್ ಬೀ, ಸಂಡಿಗೆಯಿಂದ ಕಣ್ಣೆತ್ತದೆ. ಅಷ್ಟು ಸಾಕಾಗಿತ್ತು. ಶ್ರೀವಲ್ಲಿಯ ಬೈಗುಳ ಪ್ರಿನ್ಸಿಪಾಲರ ತನಕ ಹೋಯಿತು.

ಕೆಳಗೆ ಜಯಾಬಾಯಿ ನೈವೇದ್ಯದ ಹುಳಿಗೆ ಹೊಸ ಪುಡಿ ಮಾಡಲು ಒಣಮೆಣಸಿನಕಾಯಿ ಹುರಿಯುತ್ತಿದ್ದರು. ಗಿರಣಿಯ ಪುಡಿ ಮಡಿಗೆ ಬರುವುದಿಲ್ಲವಲ್ಲ. ಬಾಣಲೆ ಕಾದು ಘಾಟು ಎದ್ದಿತು. ನೀಲಿ ಹೊಗೆ ಅಡಿಗೆಮನೆ ದಾಟಿ ಪಡಸಾಲೆಗೆ ಬಂದು ತುಂಗಾಳ ಮೂಗನ್ನು ಮುಟ್ಟಿತು.

ತುಂಗಾ ಅಡಿಗೆಮನೆಯ ಹೊಸ್ತಿಲಿಗೆ ಓಡಿದಳು. "ಅಜ್ಜಿ, ಬೆಂಕಿ ಹತ್ತೇದೇನು?"

ಜಯಾಬಾಯಿ ಮಾತಾಡಲಿಲ್ಲ. ಕೂಸು ಎಲ್ಲಿ ಬಂದು ಮಡಿ ಮುಟ್ಟೀತೋ ಎಂದು ಗಾಬರಿಯಿಂದ ಸೌಟು ಬೀಸಿ, ದೂರ ಹೋಗು, ದೂರ ಹೋಗು ಎಂದು ಸನ್ನೆ ಮಾಡಿದರು. ಜೊತೆಗೆ ಕೆಮ್ಮಿದರು ಬೇರೆ.

ಅಮ್ಮ ಹೇಳಿದ್ದು ಅಕ್ಷರಶಃ ನಡೆಯುತ್ತಿತ್ತು. ತುಂಗಾ ಧೈರ್ಯ ಮಾಡಿದಳು.

ಮಾಳಿಗೆಯ ಮೇಲೆ ಶ್ರೀವಲ್ಲಿ ಜಿಲ್ಲೆಯ ಇಡೀ ಶಿಕ್ಷಣ ವ್ಯವಸ್ಥೆಯನ್ನು ಹಿಂಡಿ ಒಣಹಾಕುತ್ತಿದ್ದಾಗ ಮುನವ್ವರ್ ಬೀ ಓಣಿಯ ತುದಿಯತ್ತ ಬಗ್ಗಿ ನೋಡಿದರು. "ಬೇಟಿ, ಕೆಂಪು ಗಾಡಿ ಯಾರ ಮನಿಗೆ ಬಂದದ?"

"ಯಾರದೋ ಮನಿ ಸುಡ್ಲಿಕತ್ತಿರಬೇಕು, ಪಾಪ" ಎಂದು ಶ್ರೀವಲ್ಲಿ ಮರುಗಿದಳು. ಮರುಕ ಮುಗಿಯುವ ಮೊದಲೇ ಗಾಡಿ ಗಿರಣಿಯ ಮುಂದೆ ನಿಂತಿತು. ಹಳದಿ ಟೋಪಿಯವರು ಪೈಪು ಎಳೆಯುತ್ತ ಅವಳ ಮನೆಯ ಬಾಗಿಲಿನೊಳಗೇ ನುಗ್ಗಿದರು.

ಅವರ ಮುಖ್ಯಸ್ಥ ತಾಯಣ್ಣ ಅಡಿಗೆಮನೆಯ ಹೊಸ್ತಿಲಿಗೆ ಬಂದಾಗ ಎದುರಿಗೆ ಸೌಟು ಎತ್ತಿ ನಿಂತ ಜಯಾಬಾಯಿ ಕಂಡರು. ಬೂಟು ಹಾಕಿದವರು ಒಳಗೆ! ಅವರು ಎರಡೂ ಕೈ ಅಗಲಿಸಿ ಬಾಗಿಲು ಕಟ್ಟಿದರು.

"ಯವ್ವಾ, ಸರೀರಿ. ಒಳಗ ಬೆಂಕಿ ಅದ ಏನು?"

ಜಯಾಬಾಯಿ ಹುಟ್ಟಾ ಸುಳ್ಳು ಹೇಳಿದವರಲ್ಲ. ಒಲೆಯಲ್ಲಿ ಬೆಂಕಿ ಇತ್ತು. ಹೌದೆಂದು ತಲೆಯಾಡಿಸಿದರು.

"ಒಳಗ ಯಾರರ ಅದಾರೇನು?"

ಜಯಾಬಾಯಿ ಕೈಮುಗಿದು ಒಳಗಿನ ದೇವರ ಕಟ್ಟೆಯತ್ತ ತೋರಿಸಿದರು. ನೈವೇದ್ಯಕ್ಕೆ ಕಾದು ಕೂತ ರಾಯರು ಒಳಗಿದ್ದರಲ್ಲ.

ತಾಯಣ್ಣನ ಮುಖ ಇಳಿಯಿತು. ಟೋಪಿ ತೆಗೆದು ಹಿಂದಿನವರಿಗೆ ಮೆಲ್ಲಗೆ ಹೇಳಿದ. "ಒಬ್ಬರು ಆಗಲೇ ದೇವರ ಪಾದ ಸೇರ್‍ಯಾರಂತ. ಪೈಪು ತರ್ರಿ."

ಈ ಸಂಭಾಷಣೆಯ ನಡುವೆ ಬಾಣಲೆಯನ್ನು ನೋಡುವವರಿರಲಿಲ್ಲ. ಮೆಣಸಿನಕಾಯಿ ಕರಕಾಗಿ ನಿಜವಾದ ಹೊಗೆ ಈಗ ಎದ್ದಿತು. ಊರ ಬೆಂಕಿಯನ್ನೆಲ್ಲ ನುಂಗಿದ ಗಂಡಸರು ಗೋಡೆ ಹಿಡಿದು ಕೆಮ್ಮತೊಡಗಿದರು. ಪೈಪಿನ ಮೂತಿಯಿಂದ ಜಿನುಗಿದ ನೀರು ಸಿಡಿದು ಜಯಾಬಾಯಿಯ ಸೆರಗಿನ ಮೇಲೆ ಬಿತ್ತು.

ಮಡಿ ಹೋಯಿತು. ಅದರೊಂದಿಗೆ ಮೌನವೂ ಹೋಯಿತು.

"ಒಲಿ ಆರಿಸಾಕ ಒಂದು ಲಾರಿ ನೀರು ತಂದೀರೇನೋ? ಸ್ನಾನಿಲ್ಲ, ಸಂಧ್ಯಾವಂದನಿಲ್ಲ, ಬೂಟ್ಗಾಲಿಲೆ ಅಡಿಗಿಮನಿಗೆ ಬರ್ತೀರಿ? ಮೊದಲು ಸ್ನಾನಾ ಮಾಡ್ಕೊಂಡು ಬರ್ರಿ, ಆಮ್ಯಾಲೆ ಬೆಂಕಿ ಆರಿಸೀರಂತ."

ಶ್ರೀವಲ್ಲಿ ಮೆಟ್ಟಿಲಿಳಿದು ಬಂದಾಗ ಅರ್ಧ ಓಣಿ ಪಡಸಾಲೆಯಲ್ಲಿತ್ತು. ತಾಯಣ್ಣ ಕಣ್ಣೊರೆಸಿಕೊಳ್ಳುತ್ತ ಕೇಳಿದ. "ಫೋನಿನಾಗ ಅಷ್ಟು ಚಂದ ಇಂಗ್ಲಿಷ್ ಮಾತಾಡಿದ್ದು ಈ ಕೂಸೇನ್ರಿ? ಗಿರಣಿ ಗುರುತು ಸುದ್ದಾ ಇಂಗ್ಲಿಷ್‌ನಾಗ ಹೇಳ್ಯದಂತ. ಯಾರು ಕಲಿಸಿದ್ರು?"

ಇಷ್ಟು ದಿನ ಯಾರೂ ಕೇಳದ ಪ್ರಶ್ನೆ! ಶ್ರೀವಲ್ಲಿಯ ಎದೆ ಉಬ್ಬಿತು. ಸುತ್ತ ನೆರೆದವರಿಗೆಲ್ಲ ಕೇಳುವಂತೆ, "ನಾನೇ ಕಲಿಸೀನ್ರಿ. ಒಂದೊಂದು ಮಾತೂ ನಾನೇ" ಎಂದಳು.

"ಹೌದಾ" ಎಂದ ತಾಯಣ್ಣ. "ಹಂಗಾದ್ರ ನಿಮಗೇ ಹೇಳಬೇಕು ನೋಡ್ರಿ." ಆಮೇಲೆ ಸುಳ್ಳು ಕರೆಯ ಅಪಾಯಗಳ ಮೇಲೆ ಅವನು ಮಾಡಿದ ಪಾಠವನ್ನು ಓಣಿಯ ಎಲ್ಲರೂ ನಿಂತೇ ಕೇಳಿದರು. ಶ್ರೀವಲ್ಲಿ ಕಲಿಸಿದ ಯಾವ ಪಾಠವನ್ನೂ ಯಾರೂ ಅಷ್ಟು ಮನಸ್ಸಿಟ್ಟು ಕೇಳಿರಲಿಲ್ಲ.

ಸುದ್ದಿ ಬಸ್ಸಿಗಿಂತ ಮೊದಲು ದೇವದುರ್ಗ ಮುಟ್ಟಿತು. ವಿಶ್ವೇಶನ ಫೋನ್ ಬಂತು. "ಮನಿ ಅದ ಏನು?"

"ಮನಿ ಅದ. ಮರ್ಯಾದಿ ಹೋತು."

"ಹುಳಿ?"

ಶ್ರೀವಲ್ಲಿ ಫೋನ್ ಇಟ್ಟಳು.

ಪರೀಕ್ಷೆಯ ದಿನ ತಾಯಂದಿರಿಗೆ ಕ್ಲಾಸಿನ ಹಿಂದೆ ಕುರ್ಚಿ ಹಾಕಿದ್ದರು. ಆ ಗುರುವಾರದಿಂದ ತುಂಗಾ ಮನೆಯಲ್ಲಿ ಇಂಗ್ಲಿಷಿನ ಹೆಸರೆತ್ತಿರಲಿಲ್ಲ. ಶ್ರೀವಲ್ಲಿ ಕುರ್ಚಿಯ ತುದಿಯಲ್ಲಿ ಕೂತಳು. ಕಹಕಶಾನ್ ಮಿಸ್ ನಗುತ್ತ ಕೇಳಿದರು. "ತುಂಗಾ, ಹೂ ಹೆಲ್ಪ್ಸ್ ಅಸ್ ವೆನ್ ದೇರ್ ಈಸ್ ಅ ಫೈರ್?"

ಒಂದು ವರ್ಷ ಯುಕೆಜಿ ಆ ತುಟಿಗಳ ಮೇಲೆ ತೂಗುತ್ತಿತ್ತು. ಫೈರ್‌ಮ್ಯಾನ್ ಅನ್ನಲಿ, ಫೈರ್‌ಮ್ಯಾನ್ ಅನ್ನಲಿ ಎಂದು ಶ್ರೀವಲ್ಲಿ ರಾಯರಿಗೆ ಮೊರೆಯಿಟ್ಟಳು.

ತುಂಗಾ ಬಾಯಿ ಬಿಟ್ಟಳು.

"ಫೈರ್‌ಮ್ಯಾನ್ ಕಮ್ಸ್, ಮಿಸ್. ಬಟ್ ಅಜ್ಜಿ ಸೇಸ್, ಫಸ್ಟ್ ಟೇಕ್ ಬಾತ್."

ಮಿಸ್ ಕೈಯಲ್ಲಿನ ಪೆನ್ನು ನಿಂತಿತು. ಅವರು ಇನ್ನೊಂದು ಪ್ರಶ್ನೆ ಕೇಳಬಾರದಿತ್ತು. ಕೇಳಿದರು. "ವೆರಿ ಗುಡ್. ಆ್ಯಂಡ್ ಹೌ ಡಸ್ ಯುವರ್ ಮದರ್ ಹೆಲ್ಪ್?"

ಒಮ್ಮೆ ಬಿಟ್ಟ ಬಾಯಿ ಇನ್ನು ಮುಚ್ಚುವ ಲಕ್ಷಣವಿರಲಿಲ್ಲ. "ಮೈ ಮದರ್ ಗೋಸ್ ಟು ಟೆರೇಸ್, ಮಿಸ್. ಶಿ ಸ್ಕೋಲ್ಡ್ಸ್ ದ ಸ್ಕೂಲ್. ಶಿ ಸ್ಕೋಲ್ಡ್ಸ್ ಯು ಆಲ್ಸೋ. ಎವ್ರಿ ಡೇ."

ಹಿಂದಿನ ಕುರ್ಚಿಗಳಲ್ಲಿ ತಾಯಂದಿರೆಲ್ಲ ಒಟ್ಟಿಗೆ ಕೆಮ್ಮಿದರು. ಇಲ್ಲಿ ಯಾರೂ ಮೆಣಸಿನಕಾಯಿ ಹುರಿಯುತ್ತಿರಲಿಲ್ಲ.

ಕಹಕಶಾನ್ ಮಿಸ್ ಅಂಕ ಹಾಕಿ, ತಲೆಯೆತ್ತಿ, ನೇರವಾಗಿ ಶ್ರೀವಲ್ಲಿಯನ್ನೇ ನೋಡಿದರು. "ಪಾಸ್ ಆದಳ್ರೀ ಮೇಡಂ. ಒಂದು ಮಾತಿಗೂ ತಡವರಿಸಲಿಲ್ಲ. ಇಷ್ಟು ಚಂದ ಇಂಗ್ಲಿಷ್ ಯಾರು ಕಲಿಸಿದ್ರು?"

ಈ ಪ್ರಶ್ನೆ ಹಿಂದೆಯೂ ಒಮ್ಮೆ, ತಾಯಣ್ಣನ ಬಾಯಿಂದ, ಶ್ರೀವಲ್ಲಿಯ ಕಿವಿಗೆ ಬಿದ್ದಿತ್ತು. ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು.

"ಅವರಜ್ಜಿ ಕಲಿಸ್ಯಾರ್ರೀ" ಎಂದಳು.