ಕಣ್ಣಿಗೆ ಕಾಣುವ ಬ್ರೇಕು

ಇಡೀ ಕೊಡಗಿನಲ್ಲಿ ಎಲ್ಲಕ್ಕಿಂತ ಬೇಗ ನಿಲ್ಲುವ ಕಾರು ತಮ್ಮದೇ ಆಗಬೇಕು ಎಂದು ಮರುಳಸಿದ್ದಪ್ಪನವರು ಒಂದು ಜೂನ್ ತಿಂಗಳ ಬೆಳಿಗ್ಗೆ ಪ್ರತಿಜ್ಞೆ ಮಾಡಿದರು. ಆಗ ಅವರ ಕೈಯಲ್ಲಿ ಅಕ್ಕಿರೊಟ್ಟಿ ಇತ್ತು, ಎದುರಿಗೆ ಹೆಂಡತಿ ಸರ್ವಮಂಗಳ ಇದ್ದರು. ಪ್ರತಿಜ್ಞೆಯ ಘನತೆಗೆ ಇದರಿಂದ ಕುಂದೇನೂ ಬರಲಿಲ್ಲವೆಂದು ಅವರ ನಂಬಿಕೆ.

ಎಲ್ಲಕ್ಕಿಂತ ಬೇಗ ಓಡುವ ಕಾರು ಆಗಲೇ ಮನೆಗೆ ಬಂದಾಗಿತ್ತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಐದಾರು ವರ್ಷವಾಗಿದ್ದ ಕಾಲ. ಪಾಲಿಬೆಟ್ಟದ ಕಡೆಯ ಇಂಗ್ಲಿಷ್ ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಿದ್ದರು. ಅವರಲ್ಲೊಬ್ಬ ಹಡಗು ಹತ್ತುವ ಮುಂಚೆ ಮಾರಿಹೋದ ಕೆಂಪು ರೇಸ್ ಕಾರು ಅದು. ಮೇಲೆ ಚಾವಣಿಯಿಲ್ಲ, ಎರಡೇ ಸೀಟು, ತಂತಿ ಕಡ್ಡಿಗಳ ಗಾಲಿ, ಒಂದು ಕುಂಬಳಕಾಯಿ ಹಿಡಿಸಿದರೆ ಹೆಚ್ಚೆನ್ನುವ ಡಿಕ್ಕಿ! ಕೊಡ್ಲಿಪೇಟೆಯ ಪಕ್ಕದ ತಮ್ಮ ಕಾಫಿ ತೋಟಕ್ಕೆ ಇದರಿಂದ ಏನು ಉಪಯೋಗ ಎಂದು ಸರ್ವಮಂಗಳ ಮೊದಲ ದಿನವೇ ಕೇಳಿದ್ದರು.

"ಒಂದು ಮೂಟೆ ಗೊಬ್ಬರ ಹೇರೋಕಾಗಲ್ಲ ಇದರಲ್ಲಿ. ಇದನ್ನ ಕೊಟ್ಟು ಜೀಪ್ ತಗೊಳ್ಳಿ ಅಂದ್ರೆ, ಇದಕ್ಕೇ ಹೊಸ ಬ್ರೇಕ್ ಹಾಕಿಸ್ತೀನಿ ಅಂತೀರಲ್ರೀ!"

"ಹಳೇದು ಘಾಟಿ ಇಳಿದು ಇಳಿದು ಸವೆದಿದೆ ಕಣೆ. ಇದು ಅಂತಿಂಥಾ ಬ್ರೇಕಲ್ಲ, ಡಿಸ್ಕ್ ಬ್ರೇಕು! ಗಾಲಿ ಜೊತೆ ಒಂದು ಕಬ್ಬಿಣದ ಬಿಲ್ಲೆ ತಿರುಗ್ತಿರ್ತದೆ. ಆ ಕಡೆಯಿಂದೊಂದು ಈ ಕಡೆಯಿಂದೊಂದು ಪ್ಯಾಡು ಬಂದು ಅದನ್ನ ಗಬಕ್ಕನೆ ಹಿಡೀತವೆ. ಹಿಂಗೆ!" ಎಂದು ಮರುಳಸಿದ್ದಪ್ಪನವರು ರೊಟ್ಟಿಯನ್ನು ಎರಡು ಬೆರಳಲ್ಲಿ ಗಬಕ್ಕನೆ ಹಿಡಿದು ತೋರಿಸಿದರು. ರೊಟ್ಟಿ ಮುರಿದು ಚಟ್ನಿಗೆ ಬಿತ್ತು.

"ಜೀಪಿಗೂ ಬ್ರೇಕ್ ಇರ್ತದಲ್ಲ?"

"ಥೂ! ಅದು ಡಬ್ಬಿಯೊಳಗೆ ಮುಚ್ಚಿಟ್ಟ ಬ್ರೇಕು. ಅದೂ ಒಂದು ಬ್ರೇಕೇನೆ? ಬ್ರೇಕ್ ಅಂದ್ರೆ ಕಣ್ಣಿಗೆ ಕಾಣ್ಬೇಕು, ಕೈಗೆ ಸಿಗ್ಬೇಕು!"

"ಕೈಗೆ ಸಿಕ್ಕಿದ್ರೆ ಏನ್ ಮಾಡ್ತೀರಿ?" ಎಂದರು ಸರ್ವಮಂಗಳ. ಪ್ರತಿಜ್ಞೆ ಮಾಡಿದವರು ಆಗಲೇ ಕೈ ತೊಳೆದು ಮದರಾಸಿಗೆ ಕಾಗದ ಬರೆಯಲು ಕೂತಿದ್ದರು.

ಮದರಾಸಿನ ಅಂಗಡಿಯಿಂದ ಕ್ಯಾಟಲಾಗು ಬಂತು. ಮರುಳಸಿದ್ದಪ್ಪನವರಿಗೆ ಊಟ ಸೇರದಾಯಿತು. ಮೆತ್ತನೆಯ ಪ್ಯಾಡು ಹಾಕಿದರೆ ಸದ್ದಿಲ್ಲ, ಆದರೆ ಬೇಗ ಸವೆಯುತ್ತದೆ. ಮಧ್ಯಮದ್ದು ಎಲ್ಲದಕ್ಕೂ ಸರಿ, ಆದರೆ ಮಧ್ಯಮದ್ದನ್ನು ಹಾಕಿಸಿಕೊಂಡು ಯಾರೆದುರಿಗೆ ಹೇಳಿಕೊಳ್ಳುವುದು? ಗಟ್ಟಿಯದು ರೇಸಿನದು, ಹಿಡಿದರೆ ಬಿಡುವುದಿಲ್ಲ. ಡಿಸ್ಕಿನಲ್ಲೂ ತೆಳುವು, ದಪ್ಪ ಎಂದು ಎರಡು ಬಗೆ. ಅವರು ದಿನಾ ಬೆಳಿಗ್ಗೆ ತೋಟದ ಲೆಕ್ಕ ಬರೆಯುವ ರೈಟರ್ ಧರ್ಮಪಾಲನನ್ನು ಕೂರಿಸಿಕೊಂಡು ಚರ್ಚೆ ನಡೆಸಿದರು.

"ಮೆತ್ತನೇದೇ ವಾಸಿ ಅಲ್ವೇನೋ ಧರ್ಮಪಾಲ?"

"ಮೆತ್ತನೇದೇ ವಾಸಿ ಸಾವ್ಕಾರ್ರೆ."

"ಆದ್ರೆ ನಮ್ಮ ಇಳಿಜಾರಿಗೆ ಗಟ್ಟೀದೇ ಬೇಕು."

"ಬೇಕೇ ಬೇಕು ಸಾವ್ಕಾರ್ರೆ. ಮೆತ್ತನೇದು ಎಲ್ಲಾದ್ರೂ ಉಂಟಾ!"

ಹೀಗೆ ಇಬ್ಬರೂ ಎಲ್ಲದಕ್ಕೂ ಒಪ್ಪಿಕೊಳ್ಳುವಷ್ಟರಲ್ಲಿ ಮಳೆಗಾಲ ಮುಗಿಯುತ್ತ ಬಂತು. ತೋಟದಲ್ಲಿ ಕಳೆ ಸೊಂಟದೆತ್ತರ ಬೆಳೆಯಿತು. ಕೊನೆಗೆ ಅತಿ ಗಟ್ಟಿಯ ಪ್ಯಾಡೂ ಅತಿ ದಪ್ಪದ ಡಿಸ್ಕೂ ಪಾರ್ಸೆಲ್ಲಿನಲ್ಲಿ ಬಂದು ಇಳಿದವು. ನಾಲ್ಕೂ ಗಾಲಿಗೆ ಅವನ್ನು ಜೋಡಿಸಿದ ದಿನ ಮರುಳಸಿದ್ದಪ್ಪನವರು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಶನಿವಾರಸಂತೆಯ ರಸ್ತೆಗೆ ಹೊರಟರು. ದಾರಿಗೆ ಒಂದು ಕರು ಅಡ್ಡ ಬಂತು. ಬ್ರೇಕು ಒತ್ತಿದರು. ಕಾರು ಕಿರ್ರೆಂದು ಕಿರುಚಿ ಇದ್ದಲ್ಲೇ ನಿಂತಿತು! ಸರ್ವಮಂಗಳರ ಮಡಿಲಲ್ಲಿದ್ದ ತೆಂಗಿನಕಾಯಿ ಮಾತ್ರ ನಿಲ್ಲದೆ ಗಾಜಿನ ಮೇಲಿಂದ ಹಾರಿ ಕರುವಿನ ಮುಂದೆ ಬಿತ್ತು.

"ನಿಂತಿತು, ಒಪ್ಪಿದೆ," ಎಂದರು ಸರ್ವಮಂಗಳ, ಸೆರಗು ಸರಿಮಾಡಿಕೊಳ್ಳುತ್ತ. "ಆಯುಧಪೂಜೆಗೆ ಅಪ್ಪಾಜಿ ಬರ್ತಾರೆ. ಅವರೆದುರಿಗೂ ಹಿಂಗೇ ನಿಲ್ಲಿಸಿ ತೋರಿಸಿ. ನಿಂತ್ರೆ ನಾನು ಜೀಪಿನ ಸುದ್ದಿ ಎತ್ತಲ್ಲ. ನಿಲ್ಲದಿದ್ರೆ ಇದು ಹೋಗ್ಬೇಕು, ಜೀಪು ಬರ್ಬೇಕು."

"ಬಿಡು! ಅಂಗಳದಲ್ಲಿ ನಿಂಬೆಹಣ್ಣು ಇಡ್ಸು. ಹಣ್ಣಿಗೂ ಗಾಲಿಗೂ ನಡುವೆ ಒಂದು ವೀಳ್ಯದೆಲೆ ತೂರಬೇಕು, ಅಷ್ಟು ಹತ್ರ ನಿಲ್ಲಿಸ್ತೀನಿ!"

ಅಪ್ಪಾಜಿ ಎಂದರೆ ಚನ್ನಮಲ್ಲಪ್ಪನವರು. ಕೊಡ್ಲಿಪೇಟೆಯಲ್ಲಿ ಅವರದು ಕತ್ತಿ, ಗುದ್ದಲಿ, ಹಾರೆ ಮಾರುವ ಕಬ್ಬಿಣದಂಗಡಿ. ಅವರು ಮನುಷ್ಯರನ್ನು ಅಳೆಯುತ್ತಿದ್ದದ್ದು ಮನೆಯ ಕತ್ತಿಗೆ ಹಿಡಿದ ತುಕ್ಕಿನಿಂದ. ಮಗಳನ್ನು ಕೊಡುವ ಮುಂಚೆ ಅವರು ಮರುಳಸಿದ್ದಪ್ಪನವರ ಜಾತಕವನ್ನು ಮೇಲೆ ಮೇಲೆ ನೋಡಿ, ಕೊಟ್ಟಿಗೆಯಲ್ಲಿದ್ದ ಕತ್ತಿಗಳನ್ನು ಮಾತ್ರ ಒಂದೊಂದಾಗಿ ಕೈಗೆತ್ತಿಕೊಂಡು ನೋಡಿದ್ದರು.

ಹಬ್ಬದ ಹಿಂದಿನ ದಿನ ಎಲ್ಲಿತ್ತೋ ಮಳೆ, ಸುರಿದೇ ಸುರಿಯಿತು. ಹಬ್ಬದ ಬೆಳಿಗ್ಗೆ ಹೂವಿನ ಹಾರ ಹಿಡಿದು ಶೆಡ್ಡಿಗೆ ಹೋದ ಮರುಳಸಿದ್ದಪ್ಪನವರು ಗಾಲಿಯ ಕಡ್ಡಿಗಳ ಸಂದಿಯಲ್ಲಿ ಇಣುಕಿದರು. ನಾಲ್ಕೂ ಡಿಸ್ಕಿನ ಮೇಲೆ ಕಾವಿ ಬಣ್ಣದ ತುಕ್ಕು! ಬರಿಯ ಕಬ್ಬಿಣದ ಮೇಲೆ ಕೊಡಗಿನ ಥಂಡಿ ಬಿದ್ದರೆ ಇನ್ನೇನಾದೀತು? ನಾಲ್ಕು ಸಲ ಬ್ರೇಕು ಒತ್ತಿದ್ದರೆ ತಾನಾಗಿ ಉಜ್ಜಿಹೋಗುವ ತುಕ್ಕು ಅದು. ಆದರೆ ಅವರಿಗೆ ಆ ಹೊತ್ತಿನಲ್ಲಿ ಕಂಡದ್ದು ಮಾವನವರ ಕನ್ನಡಕ ಒಂದೇ.

ಆ ಸೀಮೆಯಲ್ಲಿ ತುಕ್ಕು ಕಂಡವರು ಯೋಚನೆ ಮಾಡುತ್ತ ನಿಲ್ಲುವುದಿಲ್ಲ. ಕೈ ತಾನಾಗಿ ಎಣ್ಣೆ ಹುಡುಕುತ್ತದೆ. ಪೂಜೆಗೆಂದು ಒರೆಸಿಟ್ಟ ಕೋವಿಯ ಪಕ್ಕದಲ್ಲೇ ಕೋವಿ ಎಣ್ಣೆಯ ಡಬ್ಬಿ ಇತ್ತು, ಬಟ್ಟೆಯೂ ಇತ್ತು. ಮರುಳಸಿದ್ದಪ್ಪನವರು ಕಡ್ಡಿಗಳ ಸಂದಿಯಲ್ಲಿ ಕೈ ತೂರಿಸಿ, ಒಂದೊಂದು ಡಿಸ್ಕಿನ ಎರಡೂ ಮಗ್ಗುಲಿಗೆ, ಭಕ್ತಿಯಿಂದ, ಧಾರಾಳವಾಗಿ ಎಣ್ಣೆ ಸವರಿದರು. ತುಕ್ಕು ಮಾಯವಾಯಿತು. ಡಿಸ್ಕು ಫಳಫಳ ಹೊಳೆಯಿತು.

ಚನ್ನಮಲ್ಲಪ್ಪನವರು ಬಂದವರೇ ಗಾಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕನ್ನಡಕ ಏರಿಸಿದರು. ಬೆರಳಿಂದ ಮುಟ್ಟಿಯೂ ನೋಡಿದರು.

"ಭೇಷ್! ಒಂದು ಚೂರು ತುಕ್ಕಿಲ್ಲ. ಕಬ್ಬಿಣ ಹಿಂಗಿಟ್ಕೋಬೇಕು ಅಳಿಯಂದ್ರೆ!"

ಕಾರಿಗೆ ವಿಭೂತಿ ಬಳಿದಾಯಿತು. ಅಂಗಳದ ನಡುವೆ ನಿಂಬೆಹಣ್ಣು ಕೂತಿತು. ಅದರ ಹಿಂದೆ ಒಡೆಯಲಿಕ್ಕೆ ಬೂದುಗುಂಬಳ. ಪಕ್ಕದಲ್ಲಿ ಧರ್ಮಪಾಲ ಅಳೆಯಲು ವೀಳ್ಯದೆಲೆ ಹಿಡಿದು ನಿಂತ. ಅಂಗಳದ ಆಚೆ ತುದಿಯಲ್ಲಿ ತೋಟದ ಗೊಬ್ಬರದ ಗುಂಡಿ ಇತ್ತು. ಅದು ಯಾವಾಗಲೂ ಅಲ್ಲೇ ಇದ್ದದ್ದರಿಂದ ಯಾರೂ ಅದರ ಕಡೆ ಗಮನ ಕೊಡಲಿಲ್ಲ.

ಮೇಲಿನ ಶೆಡ್ಡಿನಿಂದ ಕಾರು ಗುಡುಗುತ್ತ ಇಳಿಯಿತು. ಮರುಳಸಿದ್ದಪ್ಪನವರು ಮಾವನ ಕಡೆ ಒಂದು ನಗೆ ಬೀರಿ ಬ್ರೇಕು ಒತ್ತಿದರು. ಒತ್ತಿದ್ದು ಅವರ ಕಾಲಿಗೆ ತಿಳಿಯಿತು, ಕಾರಿಗೆ ತಿಳಿಯಲಿಲ್ಲ. ಇನ್ನೂ ಒತ್ತಿದರು. ಎದ್ದು ನಿಂತು ಒತ್ತಿದರು! ಕೈಬ್ರೇಕು ಎಳೆದರು. ಅದೂ ಹಿಡಿಯಬೇಕಾದದ್ದು ಅದೇ ಎಣ್ಣೆ ಕುಡಿದ ಡಿಸ್ಕನ್ನೇ! ನಿಂಬೆಹಣ್ಣು ಪಿಚಕ್ಕೆಂದಿತು. ಬೂದುಗುಂಬಳ ಯಾರೂ ಮಂತ್ರ ಹೇಳುವ ಮೊದಲೇ ಒಡೆಯಿತು. ಧರ್ಮಪಾಲ ಎಲೆ ಬಿಸಾಡಿ ದಾಸವಾಳದ ಬೇಲಿ ಹಾರಿದ. ಕೆಂಪು ಕಾರು ಕೊರಳಿನ ಹಾರ ಅಲ್ಲಾಡಿಸುತ್ತ ಅಂಗಳ ದಾಟಿ, ಗೊಬ್ಬರದ ಗುಂಡಿಗೆ ಮೂಗು ಹೂತು, ಕೊನೆಗೊಮ್ಮೆ ಮೆತ್ತಗೆ ನಿಂತಿತು.

"ನಿಂತಿತು ಸಾವ್ಕಾರ್ರೆ!" ಎಂದು ಬೇಲಿಯ ಆಚೆಯಿಂದ ಧರ್ಮಪಾಲ ಕೂಗಿದ.

"ಮೋಸ!" ಎಂದು ಗುಂಡಿಯೊಳಗಿಂದ ಮರುಳಸಿದ್ದಪ್ಪನವರು ಅಬ್ಬರಿಸಿದರು. "ಮದರಾಸಿನವರು ಮೋಸ ಮಾಡಿದ್ರು! ಈ ಪ್ಯಾಡು ಗಟ್ಟೀದಲ್ಲ!"

ಸರ್ವಮಂಗಳ ಸೆರಗನ್ನು ಮೂಗಿಗೆ ಹಿಡಿದು ಬಂದರು. ಗುಂಡಿಯ ಮೇಲೆ ಉಳಿದಿದ್ದ ಹಿಂದಿನ ಗಾಲಿಯ ಸಂದಿಯಲ್ಲಿ ಬೆರಳಿಟ್ಟು ಮೂಸಿ ನೋಡಿದರು.

"ಏನ್ರೀ ಇದು, ಕೋವಿ ವಾಸನೆ?"

ಮರುಳಸಿದ್ದಪ್ಪನವರ ಅಬ್ಬರ ಇಳಿಯಿತು. "ಬೆಳಿಗ್ಗೆ ತುಕ್ಕು ಬಂದಿತ್ತು ಕಣೆ. ನಿಮ್ಮಪ್ಪಾಜಿ ನೋಡ್ತಾರಲ್ಲ ಅಂತ ಒಂಚೂರು..."

"ಎಣ್ಣೆ ಹಚ್ಚಿದ್ರೆ ಅದು ಹಿಡಿಯೋದೆಂಗೆ ಅಳಿಯಂದ್ರೆ?" ಎಂದರು ಚನ್ನಮಲ್ಲಪ್ಪನವರು. ಭೇಷ್ ಎಂದವರು ತಾವೇ ಎನ್ನುವುದು ನೆನಪಾಗಿ, ಎತ್ತು ತರಿಸುವ ನೆಪದಲ್ಲಿ ಅಲ್ಲಿಂದ ಸರಿದರು.

ಎತ್ತುಗಳು ಕಾರನ್ನು ಎಳೆದು ಮೇಲಕ್ಕೆ ತರುವಾಗ ಮರುಳಸಿದ್ದಪ್ಪನವರಿಗೆ ನಿಜವಾಗಿ ದುಃಖವಾಯಿತು. ಸರ್ವಮಂಗಳರಿಗೂ ಅಯ್ಯೋ ಅನ್ನಿಸಿತು. ಆದರೆ ಮಾತು ಮಾತೇ.

ದೀಪಾವಳಿಯ ಹೊತ್ತಿಗೆ ಕಾರು ಹೋಯಿತು, ಮಿಲಿಟರಿ ಬಣ್ಣದ ಜೀಪೊಂದು ಬಂತು. ಸರ್ವಮಂಗಳ ಅದಕ್ಕೆ ವಿಭೂತಿ ಬಳಿದು, ಗೊಬ್ಬರದ ಮೂಟೆ ಹೇರಿಸಿ, ಆರತಿ ತಟ್ಟೆ ಹಿಡಿದು ತಿರುಗಿ ನೋಡಿದರು. ಹೊರಗೆ ತುಂತುರು ಹನಿಯುತ್ತಿತ್ತು. ಮರುಳಸಿದ್ದಪ್ಪನವರು ಕೈಯಲ್ಲಿ ಎಣ್ಣೆ ಬಟ್ಟೆ ಹಿಡಿದು, ಒಂದೊಂದೇ ಗಾಲಿಯ ಬಳಿ ಬಗ್ಗಿ ಏನನ್ನೋ ಹುಡುಕುತ್ತಿದ್ದರು.

"ಹುಡುಕ್ಬೇಡಿ," ಎಂದರು ಸರ್ವಮಂಗಳ. "ಇದರ ಬ್ರೇಕು ಡಬ್ಬಿಯೊಳಗೆ ಮುಚ್ಚಿದೆ. ಕಣ್ಣಿಗೂ ಕಾಣಲ್ಲ, ನಿಮ್ಮ ಕೈಗೂ ಸಿಗಲ್ಲ. ಅದನ್ನ ಕೇಳ್ಕೊಂಡೇ ತರಿಸಿದ್ದು!"